ಪೇಸ್‌ಮೇಕರ್ ಇರುವವರಿಗೆ ಆಪರೇಷನ್: ಒಂದು ಸರ್ಕ್ಯೂಟ್ ಪಾಠ, ಒಂದು ಖರ್ಚಿನ ಲೆಕ್ಕ

ಎದೆಯೊಳಗೆ ಪೇಸ್‌ಮೇಕರ್ ಇರುವ ಒಬ್ಬರಿಗೆ ಪಿತ್ತಕೋಶದ ಕಲ್ಲಿನ ಆಪರೇಷನ್ ಆಗಬೇಕು ಅಂತ ಇಟ್ಕೊಳ್ಳಿ. ಕಲ್ಲಿಗೂ ಹೃದಯಕ್ಕೂ ನೇರ ಸಂಬಂಧ ಏನಿಲ್ಲ. ಆದರೂ ಬೆಳಗ್ಗೆ ಓಟಿ ಬಾಗಿಲ ಹತ್ತಿರ ಕೆಲಸ ನಿಂತುಬಿಡಬಹುದು. ಈ ಸಾಧನ ಯಾವ ಕಂಪನಿಯದು? ಯಾವಾಗ ಹಾಕಿದ್ದು? ಕೊನೇ ಸಲ ಪರೀಕ್ಷೆ ಮಾಡಿಸಿದ್ದು ಯಾವಾಗ? ಉತ್ತರ ಯಾರ ಹತ್ತಿರವೂ ಇಲ್ಲದಿದ್ದರೆ ಕಂಪನಿಯ ಟೆಕ್ನೀಶಿಯನ್‌ಗೆ ಫೋನ್ ಹೋಗುತ್ತೆ. ಅವರು ಊರಿನ ಇನ್ನೊಂದು ಮೂಲೆಯ ಆಸ್ಪತ್ರೆಯಲ್ಲಿ ಇರ್ತಾರೆ. ರಾತ್ರಿಯಿಂದ ಅನ್ನ ನೀರು ಬಿಟ್ಟ ರೋಗಿ ಸ್ಟ್ರೆಚರ್ ಮೇಲೆ ಕಾಯ್ತಾರೆ, ಸರ್ಜನ್ ಕಾಯ್ತಾರೆ, ಖಾಲಿ ಓಟಿಯೂ ಕಾಯುತ್ತೆ. ತೀರಾ ತಡವಾದರೆ ಆಪರೇಷನ್ ಬೇರೆ ದಿನಕ್ಕೆ ಹೋಗುತ್ತೆ.

ಇದು ಡಾಕ್ಟರ್‌ಗಳ ವಿಷಯ, ನಮಗೇನು ಅಂತ ಅನ್ನಿಸಬಹುದು. ಆದರೆ ಈ ಕಾಯುವಿಕೆಯ ಒಳಗೆ ಇರೋದು ನಾವು ಕ್ಲಾಸಲ್ಲಿ ಓದೋ ವಿಷಯಗಳೇ: ಆಂಪ್ಲಿಫೈಯರ್, ನಾಯ್ಸ್, ಫಿಲ್ಟರ್, ಮ್ಯಾಗ್ನೆಟಿಕ್ ಸೆನ್ಸರ್, ಫೇಲ್-ಸೇಫ್ ಡಿಸೈನ್. ಜೊತೆಗೆ ಬಿಡುವಿಲ್ಲದ ಒಬ್ಬ ಮನುಷ್ಯನಿಗಾಗಿ ನಿಂತಿರುವ ಒಂದು ಸಾಲು. ಈ ಪಾಠದಲ್ಲಿ ಮೊದಲು ಸರ್ಕ್ಯೂಟ್ ನೋಡೋಣ, ಆಮೇಲೆ ಲೆಕ್ಕ ಹಾಕೋಣ. ಮೊದಲೇ ಒಂದು ಮಾತು: ನಾವು ಎರಡನೇ ವರ್ಷದ ಎಂಜಿನಿಯರಿಂಗ್ ವಿದ್ಯಾರ್ಥಿಗಳು. ಯಾರ ಚಿಕಿತ್ಸೆಯನ್ನೂ ಈ ಲೇಖನ ನೋಡಿ ತೀರ್ಮಾನ ಮಾಡಬೇಡಿ, ಅದಕ್ಕೆ ಡಾಕ್ಟರ್ ಇದ್ದಾರೆ.

1. ಎದೆಯೊಳಗಿನ ಪೆಟ್ಟಿಗೆ

ಹೃದಯಕ್ಕೆ ಹಾಕುವ ಸಾಧನಗಳಲ್ಲಿ ಮುಖ್ಯವಾಗಿ ಎರಡು ಜಾತಿ.

ಮೊದಲನೆಯದು ಪೇಸ್‌ಮೇಕರ್. ಹೃದಯ ತೀರಾ ನಿಧಾನವಾದಾಗ ಅಥವಾ ಒಂದು ಮಿಡಿತ ತಪ್ಪಿಸಿದಾಗ, ಇದು ಸಣ್ಣದೊಂದು ಪಲ್ಸ್ ಕಳಿಸಿ ಹೃದಯವನ್ನು ಮಿಡಿಸುತ್ತೆ. ಕಾಲರ್ ಮೂಳೆಯ ಕೆಳಗೆ, ಚರ್ಮದ ಅಡಿಯಲ್ಲಿ ಬ್ಯಾಟರಿ ಮತ್ತು ಸರ್ಕ್ಯೂಟ್ ಇರುವ ಪೆಟ್ಟಿಗೆ ಇರುತ್ತೆ. ಅಲ್ಲಿಂದ ರಕ್ತನಾಳದ ಮೂಲಕ ಹೃದಯದೊಳಕ್ಕೆ ಹೋಗುವ ತಂತಿಗೆ ಲೀಡ್ ಅಂತಾರೆ. ಪೇಸ್‌ಮೇಕರ್ ಸುಮ್ಮನೆ ಟಿಕ್ ಟಿಕ್ ಅನ್ನೋ ಗಡಿಯಾರ ಅಲ್ಲ. ಅದು ಮೊದಲು ಕೇಳಿಸಿಕೊಳ್ಳುತ್ತೆ. ಹೃದಯ ತಾನೇ ಮಿಡಿದರೆ ಇದು ಸುಮ್ಮನಿರುತ್ತೆ. ಮಿಡಿಯದಿದ್ದರೆ ಮಾತ್ರ ಪಲ್ಸ್ ಕೊಡುತ್ತೆ. ಈ "ಕೇಳಿಸಿಕೊಂಡು ಸುಮ್ಮನಿರೋ" ಗುಣವೇ ಆಪರೇಷನ್ ದಿನ ತೊಂದರೆ ಕೊಡೋದು. ಅದು ಹೇಗೆ ಅಂತ ಮುಂದೆ ನೋಡ್ತೀವಿ.

ಎರಡನೆಯದು ಐಸಿಡಿ. ಹೃದಯ ಹುಚ್ಚುಹುಚ್ಚಾಗಿ ಅದುರತೊಡಗಿದರೆ, ಅಂದ್ರೆ ಪ್ರಾಣಕ್ಕೆ ಕುತ್ತು ತರುವ ವೇಗದ ಲಯ ಶುರುವಾದರೆ, ಇದು ಒಳಗಿನಿಂದಲೇ ಶಾಕ್ ಕೊಟ್ಟು ಲಯವನ್ನು ದಾರಿಗೆ ತರುತ್ತೆ. ಆ ಶಾಕ್ ಗರಿಷ್ಠ ಸುಮಾರು 35ರಿಂದ 40 ಜೂಲ್ ಇರಬಹುದು. ಐಸಿಡಿಯೊಳಗೆ ಪೇಸ್‌ಮೇಕರ್ ಕೆಲಸವೂ ಸೇರಿರುತ್ತೆ. ಸಿಆರ್‌ಟಿ ಅನ್ನೋ ಮೂರನೇ ಹೆಸರೂ ನಿಮಗೆ ಕೇಳಸಿಗಬಹುದು. ಅದು ಹೃದಯದ ಎಡ ಬಲ ಭಾಗಗಳನ್ನು ಒಟ್ಟಿಗೆ ಮಿಡಿಸುವ ವಿಶೇಷ ವ್ಯವಸ್ಥೆ.

ದೇಹದೊಳಗೆ ಪೇಸ್‌ಮೇಕರ್ ಇಟ್ಟ ಮೊದಲ ಪ್ರಯತ್ನ ನಡೆದದ್ದು ಸ್ವೀಡನ್‌ನಲ್ಲಿ, 1958ರ ಅಕ್ಟೋಬರ್‌ನಲ್ಲಿ. ರೂನೆ ಎಲ್ಮ್‌ಕ್ವಿಸ್ಟ್ ಅದನ್ನು ತಯಾರಿಸಿದರು. ಇವರು ಓದಿದ್ದು ವೈದ್ಯಕೀಯ, ದುಡಿದಿದ್ದು ಎಂಜಿನಿಯರ್ ಆಗಿ. ಓಕೆ ಸೆನ್ನಿಂಗ್ ಅನ್ನೋ ಸರ್ಜನ್ ಅದನ್ನು ಆರ್ನೆ ಲಾರ್ಸನ್ ಎಂಬ ರೋಗಿಯ ದೇಹದಲ್ಲಿ ಇಟ್ಟರು. ಆ ಮೊದಲ ಸಾಧನ ಕೆಲವೇ ಗಂಟೆ ನಡೆದು ನಿಂತುಹೋಯ್ತು. ಆದರೆ ಲಾರ್ಸನ್ ಒಂದರ ಹಿಂದೆ ಒಂದರಂತೆ ಇಪ್ಪತ್ತಕ್ಕೂ ಹೆಚ್ಚು ಪೇಸ್‌ಮೇಕರ್ ಹಾಕಿಸಿಕೊಂಡು, ತಯಾರಿಸಿದವರಿಗಿಂತಲೂ ಆಪರೇಷನ್ ಮಾಡಿದವರಿಗಿಂತಲೂ ಹೆಚ್ಚು ಕಾಲ ಬದುಕಿ, 2001ರಲ್ಲಿ 86ನೇ ವಯಸ್ಸಿನಲ್ಲಿ ತೀರಿಕೊಂಡರು. ಐಸಿಡಿಯನ್ನು ಮನುಷ್ಯನಿಗೆ ಮೊದಲು ಹಾಕಿದ್ದು 1980ರಲ್ಲಿ, ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ. ಅದರ ಹಿಂದೆ ಇದ್ದವರು ಮಿಷೆಲ್ ಮಿರೋವ್‌ಸ್ಕಿ.

ಲಾರ್ಸನ್ ಕಥೆ ಹೇಳಿದ್ದಕ್ಕೆ ಕಾರಣ ಇದೆ. ಈ ಸಾಧನಗಳು ಚೆನ್ನಾಗಿ ಕೆಲಸ ಮಾಡೋದರಿಂದಲೇ ಜನ ಹೆಚ್ಚು ವರ್ಷ ಬದುಕ್ತಾರೆ. ವಯಸ್ಸಾದಂತೆ ಕಣ್ಣಿನ ಪೊರೆ, ಹರ್ನಿಯಾ, ಮಂಡಿ, ಸೊಂಟದ ಮೂಳೆ, ಪಿತ್ತಕೋಶ ಅಂತ ಬೇರೆ ಬೇರೆ ಆಪರೇಷನ್‌ಗಳಿಗೆ ಬರ್ತಾರೆ. ಹಾಗಾಗಿ ಈ ಪ್ರಶ್ನೆ ಹೃದಯದ ಆಸ್ಪತ್ರೆಯೊಳಗೆ ಮಾತ್ರ ಉಳಿಯಲ್ಲ. ಯಾವ ಓಟಿಗೆ ಬೇಕಾದರೂ ಬರುತ್ತೆ.

2. ಸುಡುವ ಚಾಕು ಮತ್ತು ನಾಯ್ಸ್

ಈಗಿನ ಸರ್ಜನ್‌ಗಳು ಅಂಗಾಂಶ ಕತ್ತರಿಸೋಕೆ, ರಕ್ತ ನಿಲ್ಲಿಸೋಕೆ ಕಾಟರಿ ಬಳಸ್ತಾರೆ. ಇದು ವಿದ್ಯುತ್ತಿನಿಂದ ಸುಡುವ ಚಾಕು. ನೂರಾರು ಕಿಲೋಹರ್ಟ್ಜ್‌ನ ಕರೆಂಟ್ ಚಾಕುವಿನ ತುದಿಯಿಂದ ದೇಹದೊಳಗೆ ಹೋಗಿ, ತೊಡೆಗೋ ಬೆನ್ನಿಗೋ ಅಂಟಿಸಿರುವ ಪ್ಯಾಡ್ ಮೂಲಕ ಯಂತ್ರಕ್ಕೆ ವಾಪಸ್ ಬರುತ್ತೆ. ಇದು ಮಾನೋಪೋಲಾರ್ ಕಾಟರಿ. ಇಲ್ಲಿ ರೋಗಿಯ ದೇಹವೇ ಸರ್ಕ್ಯೂಟ್‌ನ ಒಂದು ಭಾಗ.

ಈಗ ಪೇಸ್‌ಮೇಕರ್ ಕಡೆಗೆ ಬನ್ನಿ. ಲೀಡ್ ತುದಿಯಲ್ಲಿ ಹೃದಯದ ಕೆಳಕೋಣೆಯ ಸಿಗ್ನಲ್ ಸುಮಾರು 5ರಿಂದ 20 ಮಿಲಿವೋಲ್ಟ್ ಇರುತ್ತೆ. ಇದನ್ನು ಹಿಡಿಯೋಕೆ ಪೇಸ್‌ಮೇಕರ್‌ನ ಮಿತಿಯನ್ನು ಸಾಮಾನ್ಯವಾಗಿ 2 ಮಿಲಿವೋಲ್ಟ್ ಆಸುಪಾಸಿನಲ್ಲಿ ಇಡ್ತಾರೆ. ಐಸಿಡಿಗೆ ಇನ್ನೂ ಸೂಕ್ಷ್ಮ ಕಿವಿ ಬೇಕು. ಹೃದಯ ಅದುರುವಾಗ ಬರುವ ಸಿಗ್ನಲ್ ತುಂಬ ಚಿಕ್ಕದು, ಅದು ತಪ್ಪಿಹೋಗಬಾರದು. ಅದಕ್ಕೆ ಐಸಿಡಿಗಳು 0.3 ಮಿಲಿವೋಲ್ಟ್‌ನಷ್ಟು ಸಣ್ಣ ಸಿಗ್ನಲ್ ಅನ್ನೂ ಕೇಳಿಸಿಕೊಳ್ತವೆ.

ಇಲ್ಲಿ ನಮ್ಮ ಕ್ಲಾಸಿನ ಒಂದು ಸಹಜ ಪ್ರಶ್ನೆ ಬರುತ್ತೆ. ಹೃದಯದ ಸಿಗ್ನಲ್ ಇರೋದು ಹತ್ತಾರು ಹರ್ಟ್ಜ್‌ನಲ್ಲಿ, ಕಾಟರಿ ಇರೋದು ಲಕ್ಷಗಟ್ಟಲೆ ಹರ್ಟ್ಜ್‌ನಲ್ಲಿ. ಒಂದು ಫಿಲ್ಟರ್ ಹಾಕಿದರೆ ಮುಗಿಯಲ್ವಾ? ಫಿಲ್ಟರ್ ಇದ್ದೇ ಇದೆ. ಆದರೆ ಚಾಕು ಅಂಗಾಂಶಕ್ಕೆ ತಾಕಿದಾಗ ಕಿಡಿ ಹಾರುತ್ತೆ, ಕಿಡಿ ಲೀನಿಯರ್ ಅಲ್ಲ. ಸರ್ಜನ್ ಚಾಕುವನ್ನು ಆನ್ ಆಫ್ ಮಾಡ್ತಾ ಇರ್ತಾರೆ. ಜೋರಾದ ಸಿಗ್ನಲ್ ಬಂದಾಗ ಆಂಪ್ಲಿಫೈಯರ್‌ನ ಮುಂಭಾಗವೂ ಲೀನಿಯರ್ ಆಗಿ ಉಳಿಯಲ್ಲ. ಇವೆಲ್ಲ ಸೇರಿ, ಎಎಂ ರೇಡಿಯೋದಲ್ಲಿ ಕ್ಯಾರಿಯರ್‌ನಿಂದ ಹಾಡು ಹೊರಬರುವ ಹಾಗೆ, ಹೈ ಫ್ರೀಕ್ವೆನ್ಸಿಯಿಂದ ಲೋ ಫ್ರೀಕ್ವೆನ್ಸಿ ನಾಯ್ಸ್ ಹುಟ್ಟುತ್ತೆ. ಅದು ಹೃದಯದ ಬ್ಯಾಂಡ್‌ನೊಳಗೇ ಬಂದು ಕೂರುತ್ತೆ.

ಪರಿಣಾಮ ಎರಡು ಥರ.

ಪೇಸ್‌ಮೇಕರ್ ಆ ನಾಯ್ಸನ್ನು ಮಿಡಿತ ಅಂತ ತಿಳಿಯುತ್ತೆ. "ಹೃದಯ ತಾನೇ ಮಿಡೀತಾ ಇದೆ, ನನ್ನ ಕೆಲಸ ಇಲ್ಲ" ಅಂತ ಸುಮ್ಮನಾಗುತ್ತೆ. ರೋಗಿಯ ಹೃದಯಕ್ಕೆ ಸ್ವಂತ ಮಿಡಿತ ಸ್ವಲ್ಪವಾದರೂ ಇದ್ದರೆ ದೊಡ್ಡ ತೊಂದರೆ ಆಗದಿರಬಹುದು. ಆದರೆ ಕೆಲವರ ಹೃದಯ ಪೂರ್ತಿ ಪೇಸ್‌ಮೇಕರ್ ಮೇಲೇ ನಿಂತಿರುತ್ತೆ. ಇವರನ್ನು ಪೇಸಿಂಗ್ ಅವಲಂಬಿತರು ಅಂತ ಕರೆಯೋಣ. ಇವರಿಗೆ ಚಾಕು ಆನ್ ಇದ್ದಷ್ಟು ಹೊತ್ತು ಹೃದಯವೇ ನಿಂತುಬಿಡಬಹುದು.

ಐಸಿಡಿ ಅದೇ ನಾಯ್ಸನ್ನು ಅದುರುವ ಹೃದಯ ಅಂತ ತಿಳಿಯುತ್ತೆ. ಚಾರ್ಜ್ ತುಂಬಿಕೊಂಡು, ಸರಿಯಾಗಿಯೇ ಮಿಡಿಯುತ್ತಿರುವ ಹೃದಯಕ್ಕೆ ಶಾಕ್ ಹೊಡೆಯಬಹುದು. ಸರ್ಜನ್ ಕೈ ಒಳಗಿರುವಾಗ ರೋಗಿ ಬೆಚ್ಚಿದರೆ ಏನಾಗುತ್ತೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಸೂಕ್ಷ್ಮ ಇದೆ. ಚಾಕು ಆನ್ ಇದ್ದಾಗ ಮಾನಿಟರ್‌ನ ಇಸಿಜಿ ಗೆರೆಯೂ ನಾಯ್ಸ್‌ನಿಂದ ಮುಚ್ಚಿಹೋಗುತ್ತೆ. ಹೃದಯ ನಿಂತಿದೆಯೋ ನಡೀತಿದೆಯೋ ಅದರಲ್ಲಿ ಕಾಣಲ್ಲ. ಅದಕ್ಕೇ ಅರಿವಳಿಕೆ ತಜ್ಞರು ಬೆರಳಿಗೆ ಹಾಕಿದ ಪಲ್ಸ್ ಆಕ್ಸಿಮೀಟರ್‌ನ ಅಲೆಯನ್ನು ನೋಡ್ತಾರೆ. ಅದು ಬೆಳಕಿನ ಲೆಕ್ಕದಲ್ಲಿ ರಕ್ತದ ಹರಿವನ್ನು ಅಳೆಯೋದರಿಂದ ಮಿಡಿತ ಬೆರಳ ತನಕ ತಲುಪ್ತಿದೆಯಾ ಅಂತ ಗೊತ್ತಾಗುತ್ತೆ.

3. ಖರ್ಚಿಲ್ಲದ ಉಪಾಯಗಳು

ನಾಯ್ಸ್ ಕಡಿಮೆ ಮಾಡೋಕೆ ಮೊದಲ ದಾರಿ ಅದನ್ನು ಹುಟ್ಟಿಸದೇ ಇರೋದು. ಇದಕ್ಕೆ ಹೊಸ ಯಂತ್ರ ಬೇಡ.

ಕರೆಂಟಿನ ದಾರಿ ಬದಲಿಸಬಹುದು. ಚಾಕುವಿನ ತುದಿಯಿಂದ ಪ್ಯಾಡ್ ತನಕದ ದಾರಿ ಪೆಟ್ಟಿಗೆಯನ್ನೂ ಲೀಡನ್ನೂ ದಾಟಬಾರದು. ಹೊಟ್ಟೆ ಆಪರೇಷನ್‌ಗೆ ಪ್ಯಾಡ್ ತೊಡೆಯ ಮೇಲೆ ಸಾಕು. ಭುಜದ ಆಪರೇಷನ್ ಆದರೆ ಪ್ಯಾಡ್ ತೊಡೆಗೆ ಹಾಕಿದರೆ ಕರೆಂಟ್ ಎದೆ ದಾಟಿಯೇ ಬರಬೇಕು, ಹಾಗಾಗಿ ಅದೇ ಕಡೆಯ ಭುಜದ ಹತ್ತಿರ ಹಾಕೋದು ಮೇಲು.

ಬೈಪೋಲಾರ್ ಬಳಸಬಹುದು. ಇದರಲ್ಲಿ ಚಿಮಟದ ಎರಡು ತುದಿಗಳ ನಡುವೆ ಮಾತ್ರ ಕರೆಂಟ್ ಹರಿಯುತ್ತೆ. ದೇಹದ ಉಳಿದ ಭಾಗ ಸರ್ಕ್ಯೂಟ್‌ಗೆ ಸೇರಲ್ಲ.

ಚಾಕುವನ್ನು ಒಂದೇ ಸಮ ಒತ್ತಿ ಹಿಡಿಯದೆ, ಒಂದೊಂದು ಸಲ 5 ಸೆಕೆಂಡಿಗಿಂತ ಕಡಿಮೆ ಒತ್ತಿ, ನಡುವೆ ಬಿಡುವು ಕೊಡಬಹುದು. ಪೇಸ್‌ಮೇಕರ್ ಸುಮ್ಮನಾದರೂ ಆ ಬಿಡುವಿನಲ್ಲಿ ಹೃದಯಕ್ಕೆ ಮಿಡಿತ ಸಿಗುತ್ತೆ.

ಎಲ್ಲಕ್ಕಿಂತ ಮುಖ್ಯವಾದದ್ದು ದೂರ. ಹೊಕ್ಕಳಿನಿಂದ ಕೆಳಗಿನ ಆಪರೇಷನ್‌ನಲ್ಲಿ ಚಾಕುವಿನ ನಾಯ್ಸ್ ಎದೆಯ ಸಾಧನಕ್ಕೆ ತೊಂದರೆ ಕೊಡುವ ಸಾಧ್ಯತೆ ತುಂಬ ಕಡಿಮೆ. ಅಮೆರಿಕದ ಹಾರ್ಟ್ ರಿದಮ್ ಸೊಸೈಟಿ ಮತ್ತು ಅರಿವಳಿಕೆ ತಜ್ಞರ ಸೊಸೈಟಿ 2011ರಲ್ಲಿ ಒಟ್ಟಿಗೆ ಕೊಟ್ಟ ಮಾರ್ಗದರ್ಶಿ ಹೊಕ್ಕಳನ್ನೇ ಗಡಿಗೆರೆಯಾಗಿ ಇಟ್ಟುಕೊಂಡಿದೆ. ಕೆಳಗಿನ ಆಪರೇಷನ್‌ಗಳಿಗೆ ಸಾಮಾನ್ಯವಾಗಿ ಸಾಧನದ ಸೆಟ್ಟಿಂಗ್ ಬದಲಿಸೋದೂ ಬೇಡ, ಮ್ಯಾಗ್ನೆಟ್ ಇಡೋದೂ ಬೇಡ. ಈ ಒಂದೇ ಗೆರೆ ಎಷ್ಟೋ ಜನರನ್ನು ಕಾಯುವ ಸಾಲಿನಿಂದ ಹೊರಗೆ ತರುತ್ತೆ. ನಮ್ಮ ಪಿತ್ತಕೋಶದ ರೋಗಿ ಮಾತ್ರ ಗೆರೆಯ ಮೇಲಿನ ಕಡೆಗೆ ಬರ್ತಾರೆ.

4. ಮ್ಯಾಗ್ನೆಟ್: ಅಗ್ಗ, ಆದರೆ ಅರ್ಥ ಎರಡು

ಎದೆಯ ಪೆಟ್ಟಿಗೆಯೊಳಗೆ ಕಾಂತವನ್ನು ಗುರುತಿಸುವ ಒಂದು ಸೆನ್ಸರ್ ಇದೆ. ಹಳೆಯದರಲ್ಲಿ ರೀಡ್ ಸ್ವಿಚ್, ಹೊಸದರಲ್ಲಿ ಹಾಲ್ ಸೆನ್ಸರ್ ಥರದವು. ಉದ್ದಿನವಡೆ ಆಕಾರದ ಒಂದು ಮ್ಯಾಗ್ನೆಟ್ ಅನ್ನು ಚರ್ಮದ ಮೇಲೆ, ಪೆಟ್ಟಿಗೆಗೆ ಸರಿಯಾಗಿ ಇಟ್ಟರೆ ಸಾಧನ ಬೇರೆ ಮೋಡ್‌ಗೆ ಹೋಗುತ್ತೆ. ಯಾವ ಮೋಡ್ ಅನ್ನೋದೇ ಪ್ರಶ್ನೆ.

ಪೇಸ್‌ಮೇಕರ್ ಮೇಲೆ ಇಟ್ಟರೆ ಅದು ಕೇಳಿಸಿಕೊಳ್ಳೋದನ್ನು ಬಿಟ್ಟು, ಒಂದೇ ವೇಗದಲ್ಲಿ ಮಿಡಿಸ್ತಾ ಹೋಗುತ್ತೆ. ನಾಯ್ಸ್ ಬಂದರೂ ಅದಕ್ಕೆ ಲೆಕ್ಕಕ್ಕಿಲ್ಲ. ಆ ವೇಗ ಕಂಪನಿಯಿಂದ ಕಂಪನಿಗೆ ಬೇರೆ: ಮೆಡ್‌ಟ್ರಾನಿಕ್‌ನಲ್ಲಿ ನಿಮಿಷಕ್ಕೆ 85, ಬೋಸ್ಟನ್ ಸೈಂಟಿಫಿಕ್‌ನಲ್ಲಿ 100, ಬಯೋಟ್ರಾನಿಕ್‌ನಲ್ಲಿ 90. ಬ್ಯಾಟರಿ ಮುಗೀತಾ ಬಂದರೆ ಈ ವೇಗ ಕಡಿಮೆಯಾಗುತ್ತೆ. ಅಂದ್ರೆ ಮ್ಯಾಗ್ನೆಟ್ ಇಟ್ಟು ನಾಡಿ ಎಣಿಸಿದರೆ ಬ್ಯಾಟರಿ ಸ್ಥಿತಿಯೂ ಗೊತ್ತಾಗುತ್ತೆ.

ಐಸಿಡಿ ಮೇಲೆ ಇಟ್ಟರೆ ಶಾಕ್ ಕೊಡೋದು ನಿಲ್ಲುತ್ತೆ. ಅಷ್ಟೇ. ಪೇಸಿಂಗ್ ಹೇಗಿತ್ತೋ ಹಾಗೇ ಇರುತ್ತೆ, ನಾಯ್ಸ್ ಬಂದರೆ ಸುಮ್ಮನಾಗುವ ಗುಣವೂ ಹಾಗೇ ಇರುತ್ತೆ.

ಈ ವ್ಯತ್ಯಾಸವನ್ನು ಇನ್ನೊಂದು ಸಲ ಓದಿ. ಹೊರಗಿನಿಂದ ಎರಡೂ ಪೆಟ್ಟಿಗೆ ಚರ್ಮದ ಕೆಳಗಿನ ಒಂದು ಉಬ್ಬು. ಇಡೋದು ಒಂದೇ ಮ್ಯಾಗ್ನೆಟ್. ಪೇಸಿಂಗ್ ಅವಲಂಬಿತರಾದ ರೋಗಿಗೆ ಇರೋದು ಐಸಿಡಿ, ನೋಡಿದವರು ಪೇಸ್‌ಮೇಕರ್ ಅಂದುಕೊಂಡು ಮ್ಯಾಗ್ನೆಟ್ ಇಟ್ಟು ನಿಶ್ಚಿಂತೆಯಾದರು ಅಂದ್ಕೊಳ್ಳಿ. ಚಾಕು ಆನ್ ಆದ ಕೂಡಲೇ ಪೇಸಿಂಗ್ ನಿಲ್ಲಬಹುದು. ಮ್ಯಾಗ್ನೆಟ್ ತನ್ನ ಕೆಲಸ ಸರಿಯಾಗಿಯೇ ಮಾಡಿರುತ್ತೆ. ಆ ರೋಗಿಗೆ ಬೇಕಿದ್ದ ಕೆಲಸವೇ ಬೇರೆ.

ಅಪವಾದಗಳೂ ಇವೆ. ಕೆಲವು ಬಯೋಟ್ರಾನಿಕ್ ಪೇಸ್‌ಮೇಕರ್‌ಗಳು ಒಂದು ಸೆಟ್ಟಿಂಗ್‌ನಲ್ಲಿ ಮ್ಯಾಗ್ನೆಟ್‌ಗೆ 10 ಮಿಡಿತ ಮಾತ್ರ ಸ್ಪಂದಿಸಿ ಮತ್ತೆ ಹಳೆಯ ದಾರಿಗೆ ಮರಳ್ತವೆ. ಕೆಲವು ಕಂಪನಿಗಳ ಐಸಿಡಿಯಲ್ಲಿ ಮ್ಯಾಗ್ನೆಟ್‌ಗೆ ಸ್ಪಂದಿಸದಂತೆ ಮೊದಲೇ ಸೆಟ್ ಮಾಡಿರಬಹುದು. ರೋಗಿಯನ್ನು ಬೋರಲು ಮಲಗಿಸಿದರೆ, ಅಥವಾ ಆಪರೇಷನ್ ಎದೆಯ ಮೇಲೇ ಇದ್ದರೆ, ಮ್ಯಾಗ್ನೆಟ್ ನಿಲ್ಲಿಸೋಕೇ ಆಗಲ್ಲ.

5. ಪ್ರೋಗ್ರಾಮರ್: ಶಕ್ತಿ ಇದೆ, ಸಾಲೂ ಇದೆ

ಇನ್ನೊಂದು ದಾರಿ ಪ್ರೋಗ್ರಾಮರ್. ಲ್ಯಾಪ್‌ಟಾಪ್ ಅಥವಾ ಟ್ಯಾಬ್ ಥರದ ಯಂತ್ರ. ಸಾಧನದ ಜೊತೆ ವೈರ್‌ಲೆಸ್ ಆಗಿ ಮಾತಾಡಿ ಬ್ಯಾಟರಿ, ಲೀಡ್, ಸೆಟ್ಟಿಂಗ್ ಎಲ್ಲ ಓದುತ್ತೆ. ಪೇಸಿಂಗನ್ನು ನಾಯ್ಸ್ ಲೆಕ್ಕಿಸದ ಮೋಡ್‌ಗೆ ಹಾಕುತ್ತೆ, ಐಸಿಡಿಯ ಶಾಕ್ ಆಫ್ ಮಾಡುತ್ತೆ. ಐಸಿಡಿ ಇರುವ, ಪೇಸಿಂಗ್ ಅವಲಂಬಿತರಾದ, ಹೊಕ್ಕಳಿನ ಮೇಲೆ ಆಪರೇಷನ್ ಆಗಬೇಕಾದ ರೋಗಿಗೆ ಬೇರೆ ದಾರಿ ಇಲ್ಲ, ಪ್ರೋಗ್ರಾಮರ್ ಬೇಕೇ ಬೇಕು.

ತೊಂದರೆ ಏನಂದ್ರೆ, ಒಂದು ಕಂಪನಿಯ ಪ್ರೋಗ್ರಾಮರ್ ಇನ್ನೊಂದು ಕಂಪನಿಯ ಸಾಧನದ ಜೊತೆ ಮಾತಾಡಲ್ಲ. ಹಳೇ ಫೋನ್‌ಗಳಿಗೆ ಒಂದೊಂದು ಕಂಪನಿಗೆ ಒಂದೊಂದು ಚಾರ್ಜರ್ ಇತ್ತಲ್ಲ, ಹಾಗೆ. ಎಲ್ಲ ಕಂಪನಿಯದನ್ನೂ ಇಟ್ಟುಕೊಂಡು, ಅದನ್ನು ಬಳಸೋಕೆ ಬರುವವರನ್ನೂ ಇಟ್ಟುಕೊಳ್ಳೋದು ದೊಡ್ಡ ಹೃದಯ ಆಸ್ಪತ್ರೆಗೆ ಸಾಧ್ಯ. ಉಳಿದ ಕಡೆ ಕಂಪನಿಯ ಪ್ರತಿನಿಧಿ ಬರಬೇಕು. ಆ ಪ್ರತಿನಿಧಿ ಕೂಡ ತಾವಾಗಿಯೇ ತೀರ್ಮಾನ ಮಾಡುವಂತಿಲ್ಲ, ಡಾಕ್ಟರ್ ಹೇಳಿದಂತೆ ಮಾಡಬೇಕು ಅಂತ 2011ರ ಮಾರ್ಗದರ್ಶಿ ಹೇಳುತ್ತೆ.

6. ಈಗ ಲೆಕ್ಕ

ಕೆಳಗಿನ ಅಂಕಿಗಳು ಪಾಠಕ್ಕಾಗಿ ನಾವೇ ಇಟ್ಟುಕೊಂಡವು. ಯಾವ ಆಸ್ಪತ್ರೆಯ ಲೆಕ್ಕವೂ ಅಲ್ಲ. ನಿಮ್ಮ ಅಂಕಿ ಹಾಕಿ ನೀವೇ ಮತ್ತೆ ಮಾಡಿ ನೋಡಬಹುದು.

ಒಂದು ಆಸ್ಪತ್ರೆಗೆ ತಿಂಗಳಿಗೆ ಇಂಥ 20 ರೋಗಿಗಳು ಬರ್ತಾರೆ. ಓಟಿ ಖಾಲಿ ಕೂತರೆ ನಿಮಿಷಕ್ಕೆ 300 ರೂಪಾಯಿ ನಷ್ಟ.

ಮೊದಲ ವಿಧಾನ: ಯಾರಿಗೇ ಸಾಧನ ಇರಲಿ, ಟೆಕ್ನೀಶಿಯನ್ ಬರೋ ತನಕ ಶುರು ಮಾಡಲ್ಲ. ಸರಾಸರಿ 40 ನಿಮಿಷ ಕಾಯಬೇಕು ಅಂದ್ರೆ, 20 × 40 = 800 ನಿಮಿಷ. ಖರ್ಚು 2,40,000 ರೂಪಾಯಿ.

ಎರಡನೇ ವಿಧಾನ: ಆಪರೇಷನ್‌ಗೆ ಒಂದು ವಾರ ಮುಂಚೆ ಒಬ್ಬ ನರ್ಸ್ ಪ್ರತಿ ರೋಗಿಗೂ 15 ನಿಮಿಷ ಕೊಟ್ಟು ಮಾಹಿತಿ ಸೇರಿಸ್ತಾರೆ. ಅವರ ಸಮಯಕ್ಕೆ ನಿಮಿಷಕ್ಕೆ 5 ರೂಪಾಯಿ ಅಂತ ಹಿಡಿದರೆ ಒಬ್ಬ ರೋಗಿಗೆ 75 ರೂಪಾಯಿ, 20 ಜನಕ್ಕೆ 1,500. ಆ ಮಾಹಿತಿ ನೋಡಿ ಡಾಕ್ಟರ್ ವಿಂಗಡಿಸ್ತಾರೆ. 8 ಜನರದು ಹೊಕ್ಕಳಿನ ಕೆಳಗಿನ ಆಪರೇಷನ್, ಏನೂ ಬೇಡ. 8 ಜನಕ್ಕೆ ಮ್ಯಾಗ್ನೆಟ್ ಸಾಕು. 4 ಜನಕ್ಕೆ ಪ್ರೋಗ್ರಾಮರ್ ಬೇಕು. ಈ ನಾಲ್ವರಿಗೆ ಟೆಕ್ನೀಶಿಯನ್ ಹತ್ತಿರ ಮೊದಲೇ ಸಮಯ ಗೊತ್ತು ಮಾಡಿಕೊಂಡರೆ, 10 ನಿಮಿಷ ಹೆಚ್ಚುಕಡಿಮೆ ಆಯ್ತು ಅಂತಲೇ ಇಟ್ಕೊಳ್ಳಿ: 4 × 10 × 300 = 12,000. ಒಟ್ಟು 13,500 ರೂಪಾಯಿ.

40 ನಿಮಿಷ ಜಾಸ್ತಿ ಆಯ್ತು ಅಂತೀರಾ? ಮೊದಲ ವಿಧಾನದಲ್ಲಿ ಕಾಯೋದು ಬರೀ 10 ನಿಮಿಷ ಅಂತ ಹಿಡಿಯಿರಿ. ಆಗಲೂ 20 × 10 × 300 = 60,000 ರೂಪಾಯಿ. ತೀರ್ಮಾನ ಬದಲಾಗಲ್ಲ.

ಇದಕ್ಕಿಂತ ಮುಖ್ಯ ಇನ್ನೊಂದು ಹೋಲಿಕೆ. ಒಬ್ಬ ರೋಗಿಯ ಮಾಹಿತಿ ಬೆಳಗ್ಗೆ ಇಲ್ಲ ಅಂದ್ರೆ ಅವರು ಮೊದಲ ವಿಧಾನಕ್ಕೆ ಜಾರ್ತಾರೆ. ಅದರ ಖರ್ಚು 40 × 300 = 12,000 ರೂಪಾಯಿ. ಆ ಮಾಹಿತಿಯನ್ನು ಒಂದು ವಾರ ಮುಂಚೆ ಕೇಳೋ ಖರ್ಚು 75 ರೂಪಾಯಿ. ನಮ್ಮ ಅಂಕಿಗಳಲ್ಲಿ 160 ಪಟ್ಟು ವ್ಯತ್ಯಾಸ. ಇಡೀ ಪಾಠದಲ್ಲಿ ನಾವು ಹೇಳಬೇಕು ಅಂದುಕೊಂಡದ್ದು ಇದೇ. ಉಳಿತಾಯ ಇರೋದು ಮ್ಯಾಗ್ನೆಟ್ ಅಗ್ಗ ಅನ್ನೋದರಲ್ಲಿ ಅಂತ ಮೊದಲು ಅನ್ನಿಸುತ್ತೆ. ಲೆಕ್ಕ ಹಾಕಿದರೆ, ಉಳಿತಾಯ ಇರೋದು ಸರಿಯಾದ ಪ್ರಶ್ನೆಯನ್ನು ಮುಂಚೆ ಕೇಳೋದರಲ್ಲಿ. ಮಾಹಿತಿ ಇಲ್ಲದೆ ಮ್ಯಾಗ್ನೆಟ್ ಇಟ್ಟರೆ ಅದು ಅಗ್ಗವಾದ ಅಪಾಯ.

ಮುಂಚೆ ಕೇಳಬೇಕಾದ ಪ್ರಶ್ನೆಗಳು ಬಹಳ ಇಲ್ಲ:

ಸಾಧನ ಪೇಸ್‌ಮೇಕರ್ರೋ, ಐಸಿಡಿಯೋ, ಸಿಆರ್‌ಟಿಯೋ? ಕಂಪನಿ, ಮಾಡೆಲ್ ಯಾವುದು?
ರೋಗಿ ಪೇಸಿಂಗ್ ಅವಲಂಬಿತರೋ, ಅಲ್ಲವೋ?
ಮ್ಯಾಗ್ನೆಟ್ ಇಟ್ಟರೆ ಈ ಸಾಧನ ಏನು ಮಾಡುತ್ತೆ?
ಆಪರೇಷನ್ ಹೊಕ್ಕಳಿನ ಮೇಲೋ, ಕೆಳಗೋ? ಮಾನೋಪೋಲಾರ್ ಕಾಟರಿ ಬಳಸ್ತಾರಾ?
ಕೊನೇ ಪರೀಕ್ಷೆ ಯಾವಾಗ ಆಗಿದ್ದು?

ಕೊನೇ ಪ್ರಶ್ನೆಗೂ 2011ರ ಮಾರ್ಗದರ್ಶಿಯಲ್ಲಿ ಅಳತೆ ಇದೆ. ಪೇಸ್‌ಮೇಕರ್ ಆದರೆ ಆಪರೇಷನ್‌ಗೆ ಹಿಂದಿನ 12 ತಿಂಗಳೊಳಗೆ, ಐಸಿಡಿ ಆದರೆ 6 ತಿಂಗಳೊಳಗೆ, ಸಿಆರ್‌ಟಿ ಆದರೆ 3ರಿಂದ 6 ತಿಂಗಳೊಳಗೆ ಪರೀಕ್ಷೆ ಆಗಿರಬೇಕು. ಆಗಿದ್ದು, ವರದಿ ಕೈಯಲ್ಲಿದ್ದರೆ, ಆಪರೇಷನ್ ದಿನ ಬೆಳಗ್ಗೆ ಎಲ್ಲರಿಗೂ ಮತ್ತೆ ಪರೀಕ್ಷೆ ಮಾಡಬೇಕಾಗಿಲ್ಲ. ಪರೀಕ್ಷೆ ಆಗಿದ್ದರೂ ವರದಿ ಯಾರ ಮನೆಯ ಬೀರುವಿನಲ್ಲೋ ಇದ್ದರೆ, ಅದು ಆಗದಿದ್ದಂತೆಯೇ.

7. ಲೆಕ್ಕದಲ್ಲಿ ಕಾಣದ ಒಂದು ಪದ

ಮೇಲಿನ ಲೆಕ್ಕದಲ್ಲಿ ಹಣ ಇದೆ, ನಿಮಿಷ ಇದೆ. ಮರೆವು ಇಲ್ಲ. ಅದನ್ನೂ ಸೇರಿಸಬೇಕು.

ಮ್ಯಾಗ್ನೆಟ್ ತೆಗೆದ ಕೂಡಲೇ ಸಾಧನ ತನ್ನ ಹಳೆಯ ಸೆಟ್ಟಿಂಗ್‌ಗೆ ತಾನೇ ಮರಳುತ್ತೆ. ಮರೆಯೋಕೆ ಏನೂ ಉಳಿಯಲ್ಲ. ಆಪರೇಷನ್ ನಡುವೆ ನಿಜವಾಗಿಯೇ ಹೃದಯ ಅದುರಿದರೆ, ಚಾಕು ನಿಲ್ಲಿಸಿ ಮ್ಯಾಗ್ನೆಟ್ ಎತ್ತಿದರೆ ಸಾಕು, ಐಸಿಡಿ ಮತ್ತೆ ಕಾವಲಿಗೆ ನಿಲ್ಲುತ್ತೆ. ಪ್ರೋಗ್ರಾಮರ್‌ನಿಂದ ಶಾಕ್ ಆಫ್ ಮಾಡಿದ್ದರೆ ಹಾಗಲ್ಲ. ಯಾರಾದರೂ ಮತ್ತೆ ಪ್ರೋಗ್ರಾಮರ್ ತಂದು ಆನ್ ಮಾಡೋ ತನಕ ಅದು ಆಫ್ ಆಗಿಯೇ ಇರುತ್ತೆ.

ಬೆಳಗ್ಗೆ ಆಫ್ ಮಾಡಿದವರ ಪಾಳಿ ಮುಗೀತು, ಟೆಕ್ನೀಶಿಯನ್ ಇನ್ನೊಂದು ಆಸ್ಪತ್ರೆಗೆ ಹೋದರು, ವಾರ್ಡ್‌ನವರಿಗೆ ಯಾರೂ ಹೇಳಲಿಲ್ಲ ಅಂದ್ರೆ? ಐಸಿಡಿ ಎದೆಯಲ್ಲಿದೆ, ಮನೆಯವರಿಗೆ ಧೈರ್ಯವೂ ಇದೆ, ಕಾವಲು ಮಾತ್ರ ಇಲ್ಲ. ಹೃದಯ ಅದುರುವ ತನಕ ಇದು ಯಾರಿಗೂ ಗೊತ್ತಾಗಲ್ಲ. ಅದಕ್ಕೇ ಶಾಕ್ ಆಫ್ ಇದ್ದಷ್ಟು ಹೊತ್ತೂ ರೋಗಿಯನ್ನು ಮಾನಿಟರ್ ಮೇಲೆ ಇಟ್ಟಿರಬೇಕು, ಹೊರಗಿನ ಡಿಫಿಬ್ರಿಲೇಟರ್ ಪಕ್ಕದಲ್ಲೇ ಇರಬೇಕು, ಮಾನಿಟರ್ ಇರುವ ಜಾಗ ಬಿಟ್ಟು ಕಳಿಸುವ ಮೊದಲು ಆನ್ ಮಾಡಿ ಖಚಿತ ಮಾಡಿಕೊಳ್ಳಬೇಕು ಅನ್ನೋ ನಿಯಮ.

ನಾವು ಲ್ಯಾಬಲ್ಲಿ ಎಮರ್ಜೆನ್ಸಿ ಸ್ವಿಚ್ ಬಗ್ಗೆ ಕಲಿಯೋದೂ ಇದೇ. ಕೈ ಬಿಟ್ಟರೆ ಸುರಕ್ಷಿತ ಸ್ಥಿತಿಗೆ ತಾನೇ ಬರೋ ವ್ಯವಸ್ಥೆ ಒಂದು ಥರ, ಯಾರೋ ನೆನಪಿಟ್ಟು ಬಂದು ಸರಿಮಾಡಬೇಕಾದ ವ್ಯವಸ್ಥೆ ಇನ್ನೊಂದು ಥರ. ಎರಡನೆಯದನ್ನು ಬಳಸಲೇಬೇಕಾದಾಗ, ನೆನಪಿಡುವ ಕೆಲಸವನ್ನು ಒಬ್ಬರ ತಲೆಯಿಂದ ತೆಗೆದು ಎಲ್ಲರಿಗೂ ಕಾಣುವ ಜಾಗಕ್ಕೆ ತರಬೇಕು. ರೋಗಿಯ ಕೈಗೆ "ಶಾಕ್ ಆಫ್ ಇದೆ" ಅನ್ನೋ ಬಣ್ಣದ ಪಟ್ಟಿ ಕಟ್ಟಿ, ಆನ್ ಮಾಡಿದ ಮೇಲಷ್ಟೇ ಕತ್ತರಿಸೋದು ಅಂತ ಮಾಡಬಹುದು. ಖರ್ಚು ಕೆಲವೇ ರೂಪಾಯಿ.

ಆಪರೇಷನ್ ಆದ ಮೇಲಿನ ಪರೀಕ್ಷೆಗೂ ಇದೇ ವಿಂಗಡಣೆ. ಸೆಟ್ಟಿಂಗ್ ಬದಲಿಸಿದ್ದರೆ, ದೊಡ್ಡ ಆಪರೇಷನ್ ಆಗಿದ್ದರೆ, ಹೊರಗಿನಿಂದ ಶಾಕ್ ಕೊಟ್ಟಿದ್ದರೆ ಅಲ್ಲೇ ಪರೀಕ್ಷೆ ಆಗಬೇಕು. ಏನೂ ಆಗದ ಸಣ್ಣ ಆಪರೇಷನ್ ಆದರೆ ಒಂದು ತಿಂಗಳೊಳಗೆ ಮಾಡಿಸಿದರೂ ನಡೆಯುತ್ತೆ. ಎಲ್ಲರನ್ನೂ ರಿಕವರಿ ರೂಮಿನಲ್ಲಿ ಟೆಕ್ನೀಶಿಯನ್‌ಗಾಗಿ ಕೂರಿಸಿದರೆ ಹಾಸಿಗೆ ತುಂಬುತ್ತೆ, ನಿಜವಾಗಿ ಬೇಕಾದವರ ಪಾಳಿ ತಡವಾಗುತ್ತೆ.

8. ಸಾಲು ಕರಗಿಸೋದು ಹೇಗೆ?

ಒಬ್ಬರೇ ಸರ್ವರ್, ಬರೋ ಸಮಯ ಗೊತ್ತಿಲ್ಲ ಅಂದ್ರೆ ಸಾಲು ಬೆಳೆಯುತ್ತೆ. ದಾರಿ ಎರಡೇ: ಸಾಲಿಗೆ ಬರುವವರನ್ನು ಕಡಿಮೆ ಮಾಡೋದು, ಅಥವಾ ಸರ್ವರ್ ಹೆಚ್ಚಿಸೋದು. ವಿಂಗಡಣೆ ಮೊದಲನೇ ದಾರಿ. ಎರಡನೇ ದಾರಿಯನ್ನು ಅಮೆರಿಕದ ಸಿಯಾಟಲ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದ ಅರಿವಳಿಕೆ ವಿಭಾಗ ಹಿಡಿಯಿತು. ಹೃದಯದ ಲಯದ ತಜ್ಞರ ಹತ್ತಿರ ತರಬೇತಿ ಪಡೆದ ಅರಿವಳಿಕೆ ತಜ್ಞರೇ ಸಾಧನಗಳ ಪರೀಕ್ಷೆ, ಪ್ರೋಗ್ರಾಮಿಂಗ್ ಮಾಡುವ ಸೇವೆ ಶುರು ಮಾಡಿ, ಅದರ ಮೊದಲ ಅನುಭವವನ್ನು 2015ರಲ್ಲಿ ಪ್ರಕಟಿಸಿದರು. ಅರಿವಳಿಕೆ ತಜ್ಞರು ಹೇಗೂ ಓಟಿಯಲ್ಲೇ ಇರ್ತಾರೆ, ಕಾಯುವ ಮಾತು ಬರಲ್ಲ. ಇಲ್ಲಿ ಹಣ ಹೋಗೋದು ತರಬೇತಿಗೆ. ಇಂಥ ರೋಗಿಗಳು ಹೆಚ್ಚಿರುವ ದೊಡ್ಡ ಆಸ್ಪತ್ರೆಗೆ ಇದು ಹೊಂದುತ್ತೆ. ತಿಂಗಳಿಗೆ ಒಬ್ಬರೋ ಇಬ್ಬರೋ ಬರುವ ಕಡೆ ಕಲಿತದ್ದು ಕೈಯಿಂದ ಮರೆತುಹೋಗುತ್ತೆ. ಅಲ್ಲಿಗೆ ವಿಂಗಡಣೆಯೇ ಸರಿ.

ನಮ್ಮ ಕಡೆಗೆ ತಂದು ನೋಡಿ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಗೆ ರಾಜ್ಯದ ಎಲ್ಲ ಕಡೆಯಿಂದ ಜನ ಬರ್ತಾರೆ. ಅಲ್ಲೋ ಇನ್ನೊಂದು ದೊಡ್ಡ ಆಸ್ಪತ್ರೆಯಲ್ಲೋ ಪೇಸ್‌ಮೇಕರ್ ಹಾಕಿಸಿಕೊಂಡು ಊರಿಗೆ ಮರಳಿದವರು, ಆರು ವರ್ಷ ಆದಮೇಲೆ ಜಾರಿ ಬಿದ್ದು ಭುಜ ಮುರಿದುಕೊಂಡರೆ ಹೋಗೋದು ಹತ್ತಿರದ ಊರಿನ ಆಸ್ಪತ್ರೆಗೇ. ಸಾಧನ ಹಾಕಿದ ಜಾಗ ಒಂದು, ಆಪರೇಷನ್ ಆಗೋ ಜಾಗ ಇನ್ನೊಂದು. ಇವೆರಡರ ನಡುವೆ ಮಾಹಿತಿ ಹೊತ್ತು ಹೋಗೋದು ಒಂದೇ ವಸ್ತು: ಸಾಧನ ಹಾಕಿದಾಗ ಕೊಡುವ ಗುರುತಿನ ಚೀಟಿ. ಕಂಪನಿ, ಮಾಡೆಲ್, ಸೀರಿಯಲ್ ನಂಬರ್, ಹಾಕಿದ ದಿನಾಂಕ ಅದರಲ್ಲಿ ಇರುತ್ತೆ.

ಆದ್ದರಿಂದ ಈ ಪಾಠಕ್ಕೆ ಒಂದು ಹೋಮ್‌ವರ್ಕ್ ಕೊಡ್ತೀವಿ. ಮುಂದಿನ ಸಲ ಊರಿಗೆ ಹೋದಾಗ ಅಜ್ಜಿಗೋ ತಾತನಿಗೋ ಪಕ್ಕದ ಮನೆಯ ಅಂಕಲ್‌ಗೋ ಇಂಥ ಸಾಧನ ಇದ್ದರೆ, ಆ ಚೀಟಿ ಎಲ್ಲಿದೆ ಅಂತ ಕೇಳಿ. ಎರಡೂ ಬದಿಯ ಫೋಟೋ ತೆಗೆದು ಮನೆಯವರ ಫೋನ್‌ಗಳಲ್ಲಿ ಇಡಿ. ಜೊತೆಗೆ ಕೊನೇ ಪರೀಕ್ಷೆಯ ವರದಿಯ ಫೋಟೋ. "ನಿಮ್ಮ ಹೃದಯ ಪೂರ್ತಿ ಇದರ ಮೇಲೇ ನಡೀತಿದೆಯಾ ಅಂತ ಮುಂದಿನ ಚೆಕಪ್‌ನಲ್ಲಿ ಡಾಕ್ಟರನ್ನ ಕೇಳಿ, ಬರೆಸಿಕೊಂಡು ಬನ್ನಿ" ಅಂತ ಅವರಿಗೆ ಹೇಳಿ.

ಫೋಟೋ ತೆಗೆಯುವಾಗ ಫೋನನ್ನು ಅವರ ಎದೆಗೆ ತಾಗಿಸಬೇಡಿ. 2021ರಲ್ಲಿ ಅಮೆರಿಕದ ಹೆನ್ರಿ ಫೋರ್ಡ್ ಆಸ್ಪತ್ರೆಯ ವೈದ್ಯರು, ಮ್ಯಾಗ್‌ಸೇಫ್ ಕಾಂತ ಇರುವ ಐಫೋನ್ 12 ಅನ್ನು ಐಸಿಡಿ ಹತ್ತಿರ ಹಿಡಿದಾಗ ಸಾಧನ ಮ್ಯಾಗ್ನೆಟ್ ಮೋಡ್‌ಗೆ ಹೋಗಿ ಕಾವಲು ನಿಲ್ಲಿಸಿದ್ದನ್ನು ವರದಿ ಮಾಡಿದರು. ಫೋನನ್ನು 15 ಸೆಂಟಿಮೀಟರ್‌ಗಿಂತ ದೂರ ಇಡಿ ಅಂತ ಆಪಲ್ ಕಂಪನಿಯೇ ಹೇಳುತ್ತೆ. ಶರ್ಟಿನ ಜೇಬಲ್ಲಿ ಫೋನ್ ಇಟ್ಟುಕೊಳ್ಳೋ ತಾತಂದಿರಿಗೆ ಇದನ್ನೂ ಹೇಳಿಬನ್ನಿ. ಯಾಕೆ ಅಂತ ಕೇಳಿದರೆ, ನಾಲ್ಕನೇ ಭಾಗ ನಿಮಗೆ ಈಗ ಗೊತ್ತು.